ಅಲಸಂದೆ ಹೊಟ್ಟೆಯವನಿಗೆ ಬಂದ ಮರ್ಯಾದೆ

ಮೊಪ್ತಿ
೧೪ ನವೆಂಬರ್ ೧೯೯೩

ಸಿಕಾಸೊ ಪಟ್ಟಣದ ದರ್ಜಿ ಬೀದಿಯಲ್ಲಿ ನೆರೆದಿರುವ ಮಹಾಜನಗಳೇ, ಕತ್ತರಿ ಹಿಡಿದ ಕಲಿಗಳೇ, ಸೂಜಿ ಹಿಡಿದ ಸುಭಟರೇ, ಗೋಡೆಗೊರಗಿ ಕೂತು ಈ ಪತ್ರ ಓದಿಸಿಕೊಂಡು ಕೇಳುತ್ತಿರುವ ಅವ್ವ ನಿಯೆಲೆಯವರೇ,

ತಮ್ಮೆಲ್ಲರ ಸಮಕ್ಷಮದಲ್ಲಿ ಒಂದು ಘೋರ ಅಪರಾಧವನ್ನು ಮಂಡಿಸಲು ಅಪ್ಪಣೆ ಬೇಡುತ್ತೇನೆ. ಆರೋಪಿಯ ಹೆಸರು ಜುಮಾನಾ ತ್ರಾವೊರೆ. ಉದ್ಯೋಗ ದರ್ಜಿ. ತೂಕ, ಹೊಟ್ಟೆಯೊಳಗಿನ ಅಲಸಂದೆಯೂ ಸೇರಿ, ಎಂಬತ್ತು ಕಿಲೊ. ಸದರಿ ಆಳು ತನ್ನ ಧಣಿಯಾದ ಚೆಕುರಾ ದಿಯಾರಾನಿಗೆ, ಅಂದರೆ ನನಗೆ, ಒಂದೂವರೆ ಲಕ್ಷ ಫ್ರಾಂಕನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಬಸ್ ಡ್ರೈವರ್ ಸೋರಿಯ ಕೈಯಲ್ಲಿ ಕಳಿಸಿದ್ದಾನೆ. ಡಬ್ಬಿಯಲ್ಲಿ ದುಡ್ಡಿತ್ತು, ಬೈಗುಳ ಇರಲಿಲ್ಲ. ತ್ರಾವೊರೆ ಮನೆತನದವನು ದಿಯಾರಾ ಮನೆತನದವನಿಗೆ ಬೈಯದೆ ಒಂದು ಲೋಟ ನೀರೂ ಕೊಡಬಾರದು, ದಿಯಾರಾ ಬೈಸಿಕೊಳ್ಳದೆ ಕುಡಿಯಬಾರದು, ಕಳ್ಳ, ಆಳು, ಅಲಸಂದೆ ಹೊಟ್ಟೆಯವನು ಅಂತ ಏನು ಬೈದರೂ ಇಬ್ಬರೂ ಸಿಟ್ಟಾಗಬಾರದು ಅಂತ ನಮ್ಮ ಅಜ್ಜಂದಿರ ಅಜ್ಜಂದಿರು ಕಟ್ಟಳೆ ಮಾಡಿಟ್ಟಿದ್ದಾರೆ. ಕಟ್ಟಳೆ ಮುರಿದವನಿಗೆ ಏನು ಶಿಕ್ಷೆ? ಮೂರು ದಿನ ಅಲಸಂದೆ ಬಂದ್.

ಲೋ ಜುಮಾನಾ, ಹೊಳೆ ಇಳೀತಾ ಇದೆ. ಇನ್ನು ಮೂರು ತಿಂಗಳು ಇಲ್ಲಿ ಬಲೆ ಹಾಕಿದವನಿಗೆಲ್ಲ ಮೀನು. ಹಸಿ ಮೀನು ಕೊಂಡು, ಹೊಗೆ ಹಾಕಿ ಒಣಗಿಸಿ, ದಕ್ಷಿಣಕ್ಕೆ ಕಳಿಸಿದರೆ ಒಂದಕ್ಕೆ ಎರಡು. ಜನವರಿ ಮುಗಿಯುವುದರೊಳಗೆ ನಿನ್ನ ದುಡ್ಡು ನಿನ್ನ ಕೈಗೆ, ಬಡ್ಡಿಗೆ ಒಂದು ಬುಟ್ಟಿ ಮೀನು ನಿಮ್ಮವ್ವನ ಬಾಯಿಗೆ. ದಿಯಾರಾ ಮಾತು, ಹೊಳೆಗೆ ಹಾಕಿದ ಹೂತು. (ಪ್ರಾಸಕ್ಕೆ ‘ಹೂತು’ ಬಂತು. ಅರ್ಥ ಕೇಳಬೇಡ.)

ನಿನ್ನ ಧಣಿ,
ಚೆಕುರಾ


ಸಿಕಾಸೊ
೨೩ ಜನವರಿ ೧೯೯೪

ಮೀನು ಕಳ್ಳ, ಮಾತಿನ ಮಳ್ಳ, ಅಲಸಂದೆ ತಿಂದು ಊದಿಕೊಂಡ ಚೆಕುರಾ,

ನಿನ್ನ ಪತ್ರವನ್ನು ಇಡೀ ಬೀದಿಗೆ ಓದಿದೆ. ಪಕ್ಕದ ಅಂಗಡಿಯವನು ನಗುತ್ತ ನಗುತ್ತ ಒಂದು ಪ್ಯಾಂಟಿಗೆ ಮೂರು ಕಾಲು ಕತ್ತರಿಸಿದ. ಆ ಬಟ್ಟೆಯ ನಷ್ಟ ನಿನ್ನ ತಲೆಗೆ.

ಈಗ ನನ್ನ ಕಡೆಯ ಸಮಾಚಾರ. ಸರ್ಕಾರ ಫ್ರಾಂಕಿನ ಬೆಲೆಯನ್ನು ಒಂದೇ ದಿನದಲ್ಲಿ ಅರ್ಧಕ್ಕೆ ಇಳಿಸಿತಲ್ಲ, ಮಾರನೇ ಬೆಳಿಗ್ಗೆಯೇ ದಾರದ ಉಂಡೆ ಎರಡರಷ್ಟಾಯಿತು. ಹಬ್ಬಕ್ಕೆ ಹೊಲಿಸಲು ಬಟ್ಟೆ ಕೊಟ್ಟವರು ಬಂದು ಬಟ್ಟೆ ವಾಪಸ್ ಒಯ್ಯುತ್ತಿದ್ದಾರೆ. ಇದನ್ನು ತಡೆದುಕೊಳ್ಳುತ್ತಿದ್ದೆ. ಆದರೆ ಅವ್ವನ ವಿಷಯ ಒಂದಿದೆ, ಹೇಳಬಾರದು ಅಂದುಕೊಂಡಿದ್ದೆ.

ನಿನಗೆ ಗೊತ್ತಲ್ಲ, ನನ್ನ ಅಂಗಡಿಯಲ್ಲಿ ಗುಂಡಿ ತೂರುವ ಕಾಜಾ ಎಲ್ಲ ಅವ್ವನ ಕೈದೇ. ಹೋದ ವಾರ ಒಂದು ಅಂಗಿಗೆ ಎಂಟು ಕಾಜಾ ಹೊಲಿದಳು. ಅದರಲ್ಲಿ ಮೂರು ತೋಳಿನ ಮೇಲಿದ್ದವು. ಅಂಗಿಯವನಿಗೆ ಇದು ರಾಜಧಾನಿ ಬಮಾಕೊದ ಹೊಸ ಫ್ಯಾಷನ್ ಅಂದೆ. ಮೊನ್ನೆ ಆಡಿಗೆ ನನ್ನ ಹೆಸರು ಹಿಡಿದು ಊಟಕ್ಕೆ ಕರೆದಳು. ಆಡು ಬಂತು, ಆಮೇಲೆ ನಾನೂ ಹೋದೆ. ಸಜ್ಜೆ ಮುದ್ದೆಯಲ್ಲಿ ಪಾಲು ಹಂಚಿಕೊಂಡೆವು.

ಇಲ್ಲಿನ ನರ್ಸಮ್ಮ ನೋಡಿ ಹೇಳಿದಳು: ಎರಡೂ ಕಣ್ಣೊಳಗೆ ಒತ್ತಡ ಏರುತ್ತಿದೆ, ಬೇಗ ಆಪರೇಷನ್ ಆಗಬೇಕು, ನರ ಒಣಗಿದ ಮೇಲೆ ಯಾವ ಡಾಕ್ಟರೂ ಏನೂ ಮಾಡಲಾರ. ಉಪವಾಸದ ತಿಂಗಳು ಮುಗಿದ ಮೇಲೆ ಬಮಾಕೊದಿಂದ ಕಣ್ಣಿನ ಡಾಕ್ಟರುಗಳು ಹತ್ತು ದಿನ ಇಲ್ಲಿಗೆ ಬರುತ್ತಾರೆ. ಎರಡು ಕಣ್ಣಿಗೆ ಎಂಬತ್ತು ಸಾವಿರ. ಆದ್ದರಿಂದ ಹೇಳಿದ ಹಾಗೆ ಜನವರಿಗೇ ಕಳಿಸು, ತಡವಾದರೆ ಹಬ್ಬದೊಳಗಾದರೂ.

ಕಳಿಸದಿದ್ದರೆ ನಾನೇ ಬಂದು ನಿನ್ನ ಮೀನಿನ ಜೊತೆ ನಿನ್ನನ್ನೂ ಹೊಗೆಗೆ ತೂಗುಹಾಕುತ್ತೇನೆ. ಮಾಂಸ ಸಿಗಲಿಕ್ಕಿಲ್ಲ, ಅಲಸಂದೆ ಸಿಗುತ್ತದೆ.

ನಿನ್ನ ನಿಜವಾದ ಧಣಿ,
ಜುಮಾನಾ


ಮೊಪ್ತಿ
೮ ಫೆಬ್ರವರಿ ೧೯೯೪

ಮೂರು ಕಾಲಿನ ಪ್ಯಾಂಟಿನ ಮಹಾರಾಜನಿಗೆ,

ನಿನ್ನ ಪತ್ರ ಓದಿ ಇಲ್ಲಿ ಮೀನಿನ ಚಪ್ಪರದಲ್ಲಿ ಹೊಗೆಗಿಂತ ನಗೆ ದಟ್ಟವಾಯಿತು. ಅದರಲ್ಲೂ ಆ ಆಡಿನ ಜಾಗ. ಇಬ್ಬರಲ್ಲಿ ಆಡು ಯಾರು ಅಂತ ಅವ್ವನಿಗೆ ಗೊತ್ತಾಗದಿದ್ದರೆ ಅದು ಕಣ್ಣಿನ ದೋಷ ಅಲ್ಲ ಮಾರಾಯ, ಹೋಲಿಕೆಯ ದೋಷ.

ಇನ್ನು ಸಾಲದ ಲೆಕ್ಕ. ಕೊಟ್ಟದ್ದು ಒಂದೂವರೆ ಲಕ್ಷ. ಫ್ರಾಂಕು ಅರ್ಧ ಆಯಿತು ಅಂತ ನೀನೇ ಬರೆದಿದ್ದೀಯ, ಆದ್ದರಿಂದ ಸಾಲವೂ ಅರ್ಧ ಆಯಿತು. ಉಳಿದದ್ದು ಎಪ್ಪತ್ತೈದು ಸಾವಿರ. ನಿನ್ನ ಮುತ್ತಜ್ಜನನ್ನು ನನ್ನ ಮುತ್ತಜ್ಜ ಒಂದು ಮೂಟೆ ಅಲಸಂದೆ ಕೊಟ್ಟು ಕೊಂಡಿದ್ದು ಊರಿಗೇ ಗೊತ್ತು. ಆ ಮೂಟೆಗೆ ಇಂದಿನ ದರ ಹಾಕಿ, ನೂರು ವರ್ಷದ ಬಡ್ಡಿ ಸೇರಿಸಿ ಕಳೆದರೆ, ನೀನೇ ನನಗೆ ನಲವತ್ತು ಸಾವಿರ ಬಾಕಿ. ಅವಸರವಿಲ್ಲ, ನಿಧಾನಕ್ಕೆ ಕೊಡು. ನಾನು ನಿನ್ನಂಥ ಜಿಪುಣ ಅಲ್ಲ.

ಅವ್ವನ ಕಣ್ಣಿನ ಕಥೆಗೆ ಹತ್ತಕ್ಕೆ ಹತ್ತು ಅಂಕ. ಸೆಗೂನಲ್ಲಿ ಓದುವಾಗ ನಾನು ಆಗ ಅಲ್ಲಿದ್ದ ನಿಮ್ಮನೆಯಲ್ಲೇ ಉಣ್ಣುತ್ತಿದ್ದೆನಲ್ಲ, ಬೆಂಡೆಕಾಯಿ ಸಾರಿನಿಂದ ಎರಡನೇ ಮೀನು ತುಂಡು ಎತ್ತಿದ್ದನ್ನು ಬೆನ್ನು ತಿರುಗಿಸಿಕೊಂಡೇ ಕಂಡವಳು ಆಕೆ. ಅವಳ ಕಣ್ಣು ಮಂಜಾದರೆ ಹದ್ದುಗಳೆಲ್ಲ ಕನ್ನಡಕ ಹಾಕಬೇಕಾದೀತು. ಬೇರೆ ಕಥೆ ಹೇಳು, ಮನೆಗೆ ಬೆಂಕಿ ಬಿತ್ತು ಅನ್ನು, ಆನೆ ನುಗ್ಗಿತು ಅನ್ನು.

ಸೋರಿಯ ಕೈಯಲ್ಲಿ ಒಂದು ಬುಟ್ಟಿ ಒಣಮೀನು ಕಳಿಸಿದ್ದೇನೆ. ಅವ್ವನಿಗೆ ದೊಡ್ಡದು, ಆಡಿಗೆ ನಡುವಿನದು, ನಿನಗೆ ಬಾಲದ್ದು.

ಚೆಕುರಾ


ಸಿಕಾಸೊ
೬ ಮಾರ್ಚ್ ೧೯೯೪

ಕಳ್ಳ ಚೆಕುರಾ,

ಈ ಪತ್ರವನ್ನು ಬೈಗುಳವಿಲ್ಲದೆ ಬರೆಯಬೇಕೆಂದು ಮೂರು ಸಲ ಕೂತೆ, ಮೂರು ಸಲ ಹರಿದೆ. ನಾನು ನಿನಗೆ ಬೈಯದೆ ಬರೆದರೆ ಇಲ್ಲಿ ಯಾರೋ ಸತ್ತಿದ್ದಾರೆ ಅಂತ ನೀನು ಅಳುತ್ತ ಬಸ್ ಹತ್ತುತ್ತೀಯ. ಅದಕ್ಕೆ ಕಳ್ಳ ಅಂತಲೇ ಕರೆದಿದ್ದೇನೆ. ಆದರೆ ಈ ಸಲ ಆ ಪದವನ್ನು ಸ್ವಲ್ಪ ಮೆಲ್ಲಗೆ ಓದು. ಚಪ್ಪರದಲ್ಲಿ ಓದಬೇಡ. ಒಬ್ಬನೇ ಓದು.

ಅವ್ವನ ವಿಷಯ ಕಥೆ ಅಲ್ಲ. ನೀನು ಕಳಿಸಿದ ಮೀನನ್ನು ಮುಟ್ಟಿ ಮುಟ್ಟಿ ನೋಡಿ, ಇದು ತಲೆಯೋ ಬಾಲವೋ ಅಂತ ಕೇಳಿದಳು. ಬಾಗಿಲಿಗೆ ಬೆಳಕು ಬಿದ್ದರೆ ಇನ್ನೂ ತಿಳಿಯುತ್ತದೆ, ಬೆಳಕಿನಲ್ಲಿ ನಿಂತವರು ಯಾರು ಅಂತ ತಿಳಿಯುವುದಿಲ್ಲ. ಕಾಜಾ ಕೆಲಸ ಬಿಡಿಸಿದೆ. ಬಿಡಿಸಿದ್ದಕ್ಕೆ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ, ಆಡಿನ ಹತ್ತಿರ ಮಾತ್ರ ಆಡುತ್ತಾಳೆ.

ಪೂರ್ತಿ ದುಡ್ಡು ಬೇಡ. ಇದ್ದ ಬಟ್ಟೆ ಮಾರಿ ಇಪ್ಪತ್ತು ಸಾವಿರ ಕೂಡಿಸಿದ್ದೇನೆ. ಹೊಲಿಗೆ ಮೆಷಿನ್ ಬಾಡಿಗೆಯದು, ಇಲ್ಲವಾದರೆ ಅದನ್ನೂ ಮಾರುತ್ತಿದ್ದೆ. ಬೀದಿಯಲ್ಲಿ ಕೇಳದವರಿಲ್ಲ, ಎಲ್ಲರ ಜೇಬೂ ಅರ್ಧ ಆಗಿದೆ. ಅರವತ್ತು ಸಾವಿರ ಕಳಿಸು, ಉಳಿದದ್ದು ಮುಂದಿನ ವರ್ಷಕ್ಕಾದರೂ ಆಗಲಿ. ಡಾಕ್ಟರುಗಳು ಇಪ್ಪತ್ತನೇ ತಾರೀಖು ಬಂದು ಮೂವತ್ತಕ್ಕೆ ಹೋಗುತ್ತಾರೆ. ಸೋರಿ ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ಎರಡು ದಿನ ನಿಲ್ಲುತ್ತಾನೆ. ಅವನ ಕೈಗೆ ಕೊಡು.

ಅಲಸಂದೆ, ಗಿಲಸಂದೆ ಎಲ್ಲ ಆಮೇಲೆ ಬರೆಯೋಣ. ಆಣೆಗೂ ತಮಾಷೆಯಲ್ಲ.

ಜುಮಾನಾ


ಮೊಪ್ತಿ
೨೨ ಮೇ ೧೯೯೪

ಮೌನವ್ರತದ ಮಹಾಮುನಿಗೆ,

ಎರಡೂವರೆ ತಿಂಗಳಾಯಿತು, ನಿನ್ನ ಬೈಗುಳವಿಲ್ಲದೆ ನನ್ನ ಕಿವಿ ತುಕ್ಕು ಹಿಡಿದಿದೆ. ನಿನ್ನದೊಂದು ಪತ್ರ ಬಂದಿತ್ತೋ, ಬಂದದ್ದು ಮೀನಿನ ಬುಟ್ಟಿಗಳ ನಡುವೆ ಹೋಯಿತೋ, ನೆನಪು ಹತ್ತುತ್ತಿಲ್ಲ. ಸೋರಿ ಬಂದಾಗ ನಾನು ಹೊಳೆಯ ಆಚೆ ಇದ್ದೆ. ಇರಲಿ.

ಟಗರು ಕೊಯ್ಯುವ ಬಕ್ರೀದ್ ಹಬ್ಬ ಜೋರಾಗಿ ಆಯಿತು. ಇದರ ಜೊತೆಗಿರುವ ಫೋಟೊ ನೋಡು. ಎಡಕ್ಕೆ ನೀಲಿ ನಿಲುವಂಗಿಯಲ್ಲಿ ನಿಂತಿರುವುದು ನಾನು, ಬಲಕ್ಕೆ ಬಿಳಿ ಉಣ್ಣೆಯಲ್ಲಿ ನಿಂತಿರುವುದು ನೀನು. ಕೊಂಬು ನೋಡಿ ಟಗರು ಅಂದುಕೊಂಡೀಯ. ಮುಖ ನೋಡು, ಗಲ್ಲದ ಹತ್ತಿರ ತ್ರಾವೊರೆ ಕಳೆ ಎದ್ದು ಕಾಣುತ್ತದೆ. ಇಡೀ ಬೀದಿಯಲ್ಲಿ ಇಷ್ಟು ದೊಡ್ಡ ಟಗರು ಕೊಯ್ದವರಿಲ್ಲ. ಬೆಲೆ ಕೇಳಬೇಡ, ಎದೆ ಒಡೆದೀತು. ಒಡೆದರೆ ಹೊಲಿಯೋರು ಯಾರು, ನೀನೇ ದರ್ಜಿ.

ಅವ್ವನಿಗೆ ಫೋಟೊ ತೋರಿಸು. ಅವಳ ಸಾರು ತಿಂದ ಹುಡುಗ ಈಗ ಹೇಗಾಗಿದ್ದಾನೆ ನೋಡಲಿ.

ಚೆಕುರಾ


ಸಿಕಾಸೊ
೧೨ ಜೂನ್ ೧೯೯೪

ಮಾನ್ಯ ಶ್ರೀ ಚೆಕುರಾ ದಿಯಾರಾ ಅವರಿಗೆ,

ಗೌರವಪೂರ್ವಕ ವಂದನೆಗಳು. ತಾವೂ ತಮ್ಮ ಕುಟುಂಬದವರೂ ಕ್ಷೇಮವಾಗಿರುವಿರೆಂದು ನಂಬಿರುತ್ತೇನೆ. ತಮ್ಮ ಪತ್ರ ಮತ್ತು ಭಾವಚಿತ್ರ ತಲುಪಿದವು. ಹಬ್ಬ ಚೆನ್ನಾಗಿ ನಡೆದದ್ದು ಕೇಳಿ ಸಂತೋಷವಾಯಿತು.

ತಮ್ಮ ಅಪೇಕ್ಷೆಯಂತೆ ಭಾವಚಿತ್ರವನ್ನು ನಮ್ಮ ತಾಯಿಯವರ ಕೈಗೆ ಕೊಟ್ಟೆ. ಅವರು ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. "ನನ್ನ ಹುಡುಗ ದಪ್ಪ ಆಗಿದಾನೆ. ಚೆನ್ನಾಗಿ ಕಾಣ್ತಾನೆ" ಎಂದರು. ಹೌದು ಎಂದು ಹೇಳಿದೆ.

ಡಾಕ್ಟರುಗಳ ತಂಡವು ಮಾರ್ಚ್ ಮೂವತ್ತರಂದು ಹೊರಟುಹೋಯಿತು. ಕಳೆದ ವಾರ ನರ್ಸಮ್ಮನವರು ಮತ್ತೆ ಬಂದು ಪರೀಕ್ಷಿಸಿ, ಎರಡೂ ಕಣ್ಣಿನ ನರಗಳು ಒಣಗಿವೆ, ಇನ್ನು ಚಿಕಿತ್ಸೆಯ ಅಗತ್ಯ ಬೀಳುವುದಿಲ್ಲ ಎಂದು ತಿಳಿಸಿದರು. ಆದಕಾರಣ ಹಣಕ್ಕೆ ಈಗ ಅವಸರವಿಲ್ಲ. ತಮಗೆ ಅನುಕೂಲವಾದಾಗ ಕಳುಹಿಸಬಹುದು.

ತಮ್ಮ ವಿಧೇಯ,
ಜುಮಾನಾ ತ್ರಾವೊರೆ


ಮೊಪ್ತಿ
೨೦ ಜೂನ್ ೧೯೯೪

ಜುಮಾನಾ,

ಆ ಪತ್ರ ಬರೆದವರು ಯಾರು? ಅಕ್ಷರ ನಿನ್ನದೇ. ಆದರೂ ಕೇಳುತ್ತಿದ್ದೇನೆ.

ಎಂದಿನ ಹಾಗೆ ಚಪ್ಪರದಲ್ಲಿ ಓದಲು ನಿಂತೆ. ತ್ರಾವೊರೆಯ ಪತ್ರ ಬಂದಿದೆ ಅಂದರೆ ಏಳೆಂಟು ಜನ ಕೆಲಸ ಬಿಟ್ಟು ಬರುತ್ತಾರೆ. ‘ಮಾನ್ಯ’ ಅಂತ ಓದಿದೆ, ಹೊಸ ತಮಾಷೆ ಅಂತ ಎಲ್ಲರೂ ನಕ್ಕರು. ‘ತಾವು’ ಅಂದಾಗ ಇನ್ನೂ ನಕ್ಕರು. ನಾನೂ ನಕ್ಕೆ. ಫೋಟೊ ತಲೆಕೆಳಗಾದ ಸಾಲಿಗೆ ಬಂದಾಗ ನನ್ನ ದನಿ ಮಾತ್ರ ಕೇಳುತ್ತಿತ್ತು. ಮುಂದಿನದನ್ನು ಓದಲಿಲ್ಲ, ಮಡಚಿದೆ. ಬಲೆ ಹೆಣೆಯುತ್ತಿದ್ದ ಮುದುಕನೊಬ್ಬ ತಲೆ ಎತ್ತದೆ ಕೇಳಿದ.

"ಯಾರಪ್ಪಾ ಸತ್ತಿದ್ದು?"

ಯಾರೂ ಇಲ್ಲ ಅಂದೆ.

"ತ್ರಾವೊರೆ ನಿನಗೆ ಮರ್ಯಾದೆ ಕೊಟ್ಟಿದಾನಲ್ಲ," ಅಂದ.

ಮನೆಗೆ ಬಂದು ಹೆಂಡತಿ ಅಸ್ಸಿತಾನಳಿಗೆ ಹೇಳಿದೆ. ಅವಳು ಅಕ್ಕಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ನೆಲಕ್ಕೆ ಕೂತುಬಿಟ್ಟಳು. ಏನು ಮಾಡಿದೆ ಅಂತ ಕೇಳಿದಳು. ಆಗಿನಿಂದ ಅದನ್ನೇ ಕೇಳುತ್ತಿದ್ದಾಳೆ. ನನಗೆ ಮಾತಿಗೆ ಪ್ರಾಸ ಕೂಡುತ್ತಿಲ್ಲ.

ನಿನ್ನದೇ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದೂವರೆ ಲಕ್ಷವನ್ನೂ ಇಟ್ಟಿದ್ದೇನೆ. ಸೋರಿಗೆ ಕೈಮುಗಿದು ಕೊಟ್ಟಿದ್ದೇನೆ. ಅವ್ವನನ್ನು ಬಮಾಕೊಗೆ ಕರಕೊಂಡು ಹೋಗು, ಅದಕ್ಕೂ ದೊಡ್ಡ ಡಾಕ್ಟರು ಎಲ್ಲಾದರೂ ಇದ್ದೇ ಇರುತ್ತಾನೆ.

ನೀನು ಬರೆದದ್ದೆಲ್ಲ ತಮಾಷೆ ಅಂದುಕೊಂಡೆ. ನಮ್ಮಿಬ್ಬರಲ್ಲಿ ನಿಜ ಯಾವುದು, ನಗೆ ಯಾವುದು ಅಂತ ಬೇರೆ ಮಾಡೋದು ಹೇಗೆ ನೀನೇ ಹೇಳು. ನೀನು ಕಳ್ಳ ಅಂದೆ, ಕಟ್ಟಳೆ ಅಂದುಕೊಂಡೆ. ಹುಟ್ಟಿದಾಗಿನಿಂದ ತ್ರಾವೊರೆಗಳು ನನಗೆ ಕಳ್ಳ ಅಂತಲೇ ಅಂದಿದ್ದಾರೆ.

ಒಂದು ಬೈಗುಳ ಬರೆ. ಒಂದೇ ಒಂದು. ಅಲಸಂದೆ ಅಂತ ಬರೆದರೂ ಸಾಕು.

ಚೆಕುರಾ


ಸಿಕಾಸೊ
೩ ಜುಲೈ ೧೯೯೪

ಮಾನ್ಯ ಶ್ರೀ ಚೆಕುರಾ ದಿಯಾರಾ ಅವರಿಗೆ,

ವಂದನೆಗಳು. ತಾವು ಕಳುಹಿಸಿದ ಒಂದೂವರೆ ಲಕ್ಷ ಫ್ರಾಂಕ್ ಸೋರಿಯವರ ಮೂಲಕ ತಲುಪಿದೆ. ರಸೀದಿ ಲಗತ್ತಿಸಿದ್ದೇನೆ. ಬಮಾಕೊದ ಆಸ್ಪತ್ರೆಗೂ ಕರೆದುಕೊಂಡು ಹೋಗಿಬಂದೆ. ನರ್ಸಮ್ಮನವರು ಹೇಳಿದ್ದನ್ನೇ ಅಲ್ಲಿಯೂ ಹೇಳಿದರು.

ನನ್ನ ಪತ್ರಗಳನ್ನು ತಾವು ತಮಾಷೆಯೆಂದು ಭಾವಿಸಿದ್ದು ಸಹಜವೇ. ಯೋಚಿಸಿ ನೋಡಿದಾಗ ತಪ್ಪು ನನ್ನದು ಎಂದು ತಿಳಿಯಿತು. ಅಂಥ ಮಾತನ್ನು ಆಡಿನ ಕಥೆಯ ಜೊತೆ ಸೇರಿಸಿ ಬರೆಯಬಾರದಿತ್ತು. ಮೊದಲೇ ಈಗಿನಂತೆ ಬರೆದಿದ್ದರೆ ತಾವು ಕೂಡಲೇ ಕಳುಹಿಸುತ್ತಿದ್ದಿರಿ. ತಾಯಿಯವರ ಕಣ್ಣು ನನ್ನ ಬರವಣಿಗೆಯಿಂದ ಹೋಯಿತು. ಈ ವಿಷಯದಲ್ಲಿ ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದಾಗಿ ವಿನಂತಿ.

ಸಾಲದ ಸಂಗತಿ ತಾಯಿಯವರಿಗೆ ತಿಳಿಯದು. ತಮ್ಮ ಪತ್ರಗಳನ್ನು ಓದುವಾಗ ಹಣದ ಸಾಲುಗಳನ್ನೂ ಕಣ್ಣಿನ ಸಾಲುಗಳನ್ನೂ ಬಿಟ್ಟು ಓದುತ್ತಿದ್ದೆ. ತಮಗೊಂದು ಮಾತು ಬರೆಯಲು ಅವರು ಒತ್ತಾಯ ಮಾಡುತ್ತಿರುವುದರಿಂದ, ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ. ಈ ಮಾತುಗಳು ಅವರವು, ನನ್ನವಲ್ಲ.

"ಏ ಅಲಸಂದೆ ಹೊಟ್ಟೆಯವನೇ, ಮೀನು ತಿಂದೆ. ಮುಳ್ಳು ಕಾಣ್ಸಲ್ಲ ಅಂತ ನಿಧಾನಕ್ಕೆ ತಿಂದೆ, ಒಂದು ವಾರ ಬಂತು. ಯಾವಾಗ ಬರ್ತೀಯ? ಬಂದರೆ ಬಾಗಿಲಲ್ಲೇ ಬೈಕೊಂಡು ಒಳಗೆ ಬಾ. ಸುಮ್ಮನೆ ಬಂದು ನಿಂತರೆ ಯಾರು ಅಂತ ನನಗೆ ಗೊತ್ತಾಗಲ್ಲ ಮಗಾ."

ತಮ್ಮ ವಿಧೇಯ,
ಜುಮಾನಾ ತ್ರಾವೊರೆ


ಮೊಪ್ತಿ
೧೭ ಜುಲೈ ೧೯೯೪

ಸಿಕಾಸೊ ಪಟ್ಟಣದ ದರ್ಜಿ ಬೀದಿಯಲ್ಲಿ ನೆರೆದಿರುವ ಮಹಾಜನಗಳೇ, ಕತ್ತರಿ ಹಿಡಿದ ಕಲಿಗಳೇ, ಸೂಜಿ ಹಿಡಿದ ಸುಭಟರೇ,

ತಮ್ಮೆಲ್ಲರ ಸಮಕ್ಷಮದಲ್ಲಿ ಇನ್ನೊಂದು ಅಪರಾಧವನ್ನು ಮಂಡಿಸಲು ಅಪ್ಪಣೆ ಬೇಡುತ್ತೇನೆ. ಆರೋಪಿ ಜುಮಾನಾ ತ್ರಾವೊರೆ, ದರ್ಜಿ. ಸದರಿ ಆಳು ತನ್ನ ಧಣಿಗೆ ಎರಡು ಪತ್ರಗಳಲ್ಲಿ ಹದಿಮೂರು ಸಲ ‘ತಾವು, ತಮ್ಮ, ತಮಗೆ’ ಎಂದು ಬರೆದಿದ್ದಾನೆ, ಎಣಿಸಿದ್ದೇನೆ. ಅಷ್ಟು ಸಾಲದೆಂದು ತಪ್ಪೆಲ್ಲ ತನ್ನದೇ ಅಂತ ಹೇಳಿ ರಸೀದಿಯನ್ನೂ ಕಳಿಸಿದ್ದಾನೆ. ಇದಕ್ಕೆ ಏನು ಶಿಕ್ಷೆ? ಅಲಸಂದೆ

ಇಲ್ಲಿ ಒಂದು ಪ್ರಾಸ ಬರೆದು ಹೊಡೆದುಹಾಕಿದ್ದೇನೆ. ಅದರ ಕೆಳಗೆ ಇನ್ನೊಂದು ಇತ್ತು, ಅವ್ವನ ಎದುರು ಬರಲು ಈಗ ನನಗೆ ಮುಖ ಬೇಕಾಗಿಲ್ಲ ಅಂತ. ಅದನ್ನೂ ಹೊಡೆದೆ. ಕಾಗದದ ಮೇಲೆ ಮಸಿಯೇ ಜಾಸ್ತಿ ಆಗಿದೆ, ಮನ್ನಿಸು.

ನಾಲ್ಕು ದಿನದ ಹಿಂದೆ ಬಸ್ ಹತ್ತಿದ್ದೆ. ಸಿಕಾಸೊ ತನಕ ಬಂದೆ. ನಿಮ್ಮ ಮನೆಯ ಬಾಗಿಲ ತನಕವೂ ಬಂದೆ. ನೀನು ಅಂಗಡಿಗೆ ಹೋಗಿದ್ದೆ. ಅವ್ವ ಗೋಡೆಗೊರಗಿ ಕೂತಿದ್ದಳು, ಆಡು ಅವಳ ಮಗ್ಗುಲಲ್ಲಿತ್ತು. ಬೆಳಕಿಗೆ ಅಡ್ಡ ನಿಂತದ್ದು ತಿಳಿದು ತಲೆ ಎತ್ತಿದಳು. ಬೈಯಬೇಕು ಅಂತ ಬಾಯಿ ತೆರೆದೆ.

"ಯಾರು?" ಅಂದಳು.

ಬೈಗುಳ ಬರಲಿಲ್ಲ. ಅವಳು ಇನ್ನೊಂದು ಸಲ ಕೇಳಿದಳು. ತಿರುಗಿ ಹೋಗಿ ಬಸ್ ಹತ್ತಿದೆ. ಅವತ್ತು ಯಾರೋ ಬಂದು ನಿಂತು ಮಾತಾಡದೆ ಹೋದರು ಅಂತ ಅವಳು ನಿನಗೆ ಹೇಳಿರಬಹುದು. ಅದು ನಾನು.

ತಪ್ಪು ನಿನ್ನ ಬರವಣಿಗೆಯದಲ್ಲ. ನಾನು ತಮಾಷೆ ಅಂದುಕೊಳ್ಳಲಿಲ್ಲ ಜುಮಾನಾ. ತೋಳಿನ ಮೇಲೆ ಕಾಜಾ ಅಂತ ಓದಿದ ಕೂಡಲೇ ಗೊತ್ತಾಯಿತು, ನಿಜ ಅಂತ. ಮಾರ್ಚಿನ ಪತ್ರ ಕಳೆದುಹೋಗಿರಲಿಲ್ಲ, ನೀನು ಹೇಳಿದ ಹಾಗೆ ಒಬ್ಬನೇ ಓದಿದ್ದೆ. ಸೋರಿ ನಿಲ್ದಾಣದಲ್ಲಿ ನಿಂತ ಎರಡು ದಿನವೂ ನಾನು ಊರಲ್ಲೇ ಇದ್ದೆ. ನೀನು ಬೈಯುತ್ತಿರುವ ತನಕ ಕೊಡದಿದ್ದರೂ ನಡೆಯುತ್ತದೆ ಅಂದುಕೊಂಡೆ. ದುಡ್ಡು ಆಗಲೂ ನನ್ನ ಹತ್ತಿರ ಇತ್ತು.